ಲಿಸ್ಟೋ, ಟಪಲ್ಲೋ, ಸೆಟ್ಟೋ? ಪೈಥಾನ್‌ನಲ್ಲಿ ಯಾವುದು ಯಾವಾಗ

"ಸರ್, ಲಿಸ್ಟ್ ಒಂದಿದ್ರ ಸಾಕಲ್ಲರಿ, ಉಳಿದವು ಯಾಕ ಬೇಕ್ರಿ?"

ಕಲಬುರಗಿಯಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಬರುವ ಹುಡುಗರು ಬಹಳ ಬೇಗ ಕೇಳುವ ಪ್ರಶ್ನೆ ಇದು. ಲಿಸ್ಟ್, ಟಪಲ್, ಸೆಟ್ ಎಲ್ಲ ಹಲವು ಡೇಟಾಗಳನ್ನು ಒಂದೇ ಹೆಸರಿನಡಿ ಒಟ್ಟಿಗೆ ಇಡುವ ಬಗೆಗಳು. ಪ್ರಶ್ನೆಯಲ್ಲಿ ತಪ್ಪೇನಿಲ್ಲ. ದಿನದ ಬಹುಪಾಲು ಕೆಲಸ ಲಿಸ್ಟ್‌ನಲ್ಲೇ ಮುಗಿಯುತ್ತದೆ. ಉಳಿದ ಸ್ವಲ್ಪ ಕೆಲಸ ಇದೆಯಲ್ಲ, ಅಲ್ಲೇ ತೊಂದರೆ. ಪ್ರೋಗ್ರಾಮ್ ತೆವಳತೊಡಗುತ್ತದೆ. ಅಥವಾ ಎರರ್ ಏನೂ ತೋರಿಸದೆ ತಪ್ಪು ಉತ್ತರ ಕೊಡುತ್ತದೆ.

ನಾನು ಹೇಳುವುದು ಇಷ್ಟೇ: ಲಿಸ್ಟ್‌ನಿಂದ ಶುರು ಮಾಡಿ. ಆಮೇಲೆ ಆ ಡೇಟಾಗೆ ನೀವು ಪದೇ ಪದೇ ಯಾವ ಪ್ರಶ್ನೆ ಕೇಳುತ್ತಿದ್ದೀರಿ ಎಂದು ನೋಡಿ. "ಐದನೆಯದು ಯಾವುದು?" ಎಂದಾದರೆ ಲಿಸ್ಟ್ ಸರಿ. "ಇದು ಇದೆಯಾ, ಇಲ್ವಾ?" ಎಂದಾದರೆ ಸೆಟ್. "ಈ ನಂಬರಿನದು ಯಾರದು?" ಎಂದಾದರೆ ಡಿಕ್ಷನರಿ. "ಮೊದಲು ಬಂದವರು ಯಾರು?" ಎಂದಾದರೆ ಡೆಕ್. ಪ್ರಶ್ನೆ ಗೊತ್ತಾದರೆ ಆಯ್ಕೆ ಅರ್ಧ ಮುಗಿದ ಹಾಗೆ.

ಉದಾಹರಣೆಗೆ ನಮ್ಮ ಗಂಜ್‌ನ (ಕೃಷಿ ಮಾರುಕಟ್ಟೆ) ಒಂದು ಅಡತ್ (ದಲ್ಲಾಳಿ) ಅಂಗಡಿಯನ್ನೇ ಇಟ್ಟುಕೊಳ್ಳೋಣ. ತೊಗರಿ ಸೀಸನ್. ರೈತರು ಮಾಲು ತರುತ್ತಾರೆ. ಪ್ರತಿ ರಾಶಿಗೂ ಒಂದು ಲಾಟ್ ನಂಬರ್ ಬೀಳುತ್ತದೆ. ಊರು, ಚೀಲ, ದರ ಎಲ್ಲ ಬರೆದುಕೊಳ್ಳಬೇಕು. ಕೆಳಗಿನ ಸಂಖ್ಯೆಗಳೆಲ್ಲ ಸುಮ್ನೆ ಉದಾಹರಣೆಗೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಕಂಪ್ಯೂಟರ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ವೇರಿಯಬಲ್ ಹೆಸರು ಮಾತ್ರ ಪೈಥಾನ್ 3ರಲ್ಲಿ ಕನ್ನಡದಲ್ಲೇ ಇಡಬಹುದು.

ಲಿಸ್ಟ್: ಎಲ್ಲಿ ಗಟ್ಟಿ, ಎಲ್ಲಿ ಸೋಲುತ್ತದೆ

ಲಿಸ್ಟ್ ಮಾಡುವುದು ಸುಲಭ. ಚೌಕ ಬ್ರ್ಯಾಕೆಟ್ ಒಳಗೆ ಅಲ್ಪವಿರಾಮ ಹಾಕಿ ಬರೆದರೆ ಆಯಿತು.

ಚೀಲ = [42, 18, 65, 30]

ಎಣಿಕೆ ಸೊನ್ನೆಯಿಂದ. ಚೀಲ[0] ಅಂದರೆ 42, ಚೀಲ[-1] ಅಂದರೆ ಕೊನೆಯ 30. ಚೀಲ[1:3] ಅಂದರೆ 18 ಮತ್ತು 65, ಸೊನ್ನೆಯಿಂದ ಎಣಿಸಿದಾಗ 3 ಎಂಬ ಜಾಗದಲ್ಲಿರುವ 30 ಸೇರುವುದಿಲ್ಲ. ಇಷ್ಟು ಯಾವ ಪುಸ್ತಕದಲ್ಲಾದರೂ ಸಿಗುತ್ತದೆ, ಮುಂದೆ ಹೋಗೋಣ.

ಲಿಸ್ಟ್‌ಗೆ ಸೇರಿಸಲು ಮೂರು ದಾರಿ: ಅಪೆಂಡ್, ಎಕ್ಸ್‌ಟೆಂಡ್, ಇನ್ಸರ್ಟ್. ಒಂದೇ ಒಂದು ವಸ್ತು ಕೊನೆಗೆ ಸೇರಬೇಕಾದರೆ ಅಪೆಂಡ್. ಇನ್ನೊಂದು ಲಿಸ್ಟ್‌ನಲ್ಲಿರುವುದೆಲ್ಲ ಬಿಚ್ಚಿ ಸೇರಬೇಕಾದರೆ ಎಕ್ಸ್‌ಟೆಂಡ್. ಇವೆರಡರ ಗೊಂದಲ ಕನ್ನಡದಲ್ಲಿ ಚೆನ್ನಾಗಿ ಕಾಣುತ್ತದೆ. ಬೆಳೆಗಳ ಲಿಸ್ಟ್‌ಗೆ "ತೊಗರಿ" ಎಂದು ಎಕ್ಸ್‌ಟೆಂಡ್ ಮಾಡಿ ನೋಡಿ. ತೊಗರಿ ಸೇರುವುದಿಲ್ಲ. ಬದಲಿಗೆ ತ, ೊ, ಗ, ರ, ಿ ಎಂದು ಐದು ತುಂಡು ಸೇರುತ್ತವೆ. ಕಣ್ಣಿಗೆ ಮೂರು ಅಕ್ಷರ, ಪೈಥಾನ್‌ಗೆ ಐದು. ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಕೊಂಬು, ಗುಡಿಸು, ದೀರ್ಘ ಎಲ್ಲಕ್ಕೂ ಬೇರೆ ಬೇರೆ ಸಂಖ್ಯೆ ಇರುವುದೇ ಇದಕ್ಕೆ ಕಾರಣ. ಒಂದೇ ಹೆಸರು ಸೇರಿಸುವಾಗ ಕಣ್ಣು ಮುಚ್ಚಿ ಅಪೆಂಡ್ ಬಳಸಿ.

ಇನ್ಸರ್ಟ್ ಮಾತ್ರ ಜಾಗ ಹೇಳಿ ಸೇರಿಸುತ್ತದೆ. ಅನುಕೂಲ ಇದೆ, ಆದರೆ ಪುಕ್ಕಟೆ ಅಲ್ಲ. ಲಿಸ್ಟ್‌ನ ಜಾಗಗಳು ಮೆಮೊರಿಯಲ್ಲಿ ಒಂದರ ಪಕ್ಕ ಒಂದು ಇರುತ್ತವೆ. ತುಂಬಿದ ಜೇವರ್ಗಿ ಬಸ್ಸಿನಲ್ಲಿ ಮೊದಲ ಸೀಟಿಗೆ ಹೊಸಬರು ಕೂರಬೇಕು, ಯಾರೂ ಸಾಲು ತಪ್ಪಬಾರದು ಅಂದರೆ ಏನಾಗುತ್ತದೆ? ಎಲ್ಲರೂ ಒಂದೊಂದು ಸೀಟು ಹಿಂದೆ ಸರಿಯಬೇಕು. ಮೊದಲ ಜಾಗಕ್ಕೆ ಇನ್ಸರ್ಟ್ ಮಾಡಿದರೂ, ಮೊದಲಿನದನ್ನು ಪಾಪ್ ಮಾಡಿ ತೆಗೆದರೂ ಇದೇ ಕಥೆ. ಐವತ್ತು ಲಾಟ್ ಇದ್ದರೆ ಏನೂ ಗೊತ್ತಾಗುವುದಿಲ್ಲ. ಲಕ್ಷಗಟ್ಟಲೆ ಇದ್ದು, ಅದೇ ಕೆಲಸ ಲೂಪ್‌ನಲ್ಲಿ, ಅಂದರೆ ಮತ್ತೆ ಮತ್ತೆ, ನಡೆದರೆ ಚೆನ್ನಾಗಿಯೇ ಗೊತ್ತಾಗುತ್ತದೆ.

ಕೊನೆಗೆ ಸೇರಿಸುವುದು ಯಾಕೆ ಅಗ್ಗ? ಪೈಥಾನ್ ಪ್ರತಿ ಸಲ ಒಂದೇ ಜಾಗ ಕೇಳುವುದಿಲ್ಲ. ಸ್ವಲ್ಪ ಜಾಸ್ತಿ ಜಾಗ ಮೊದಲೇ ಹಿಡಿದಿಡುತ್ತದೆ. ಈಚಿನ ಆವೃತ್ತಿಗಳಲ್ಲಿ ಖಾಲಿ ಲಿಸ್ಟ್‌ಗೆ ಒಂದೊಂದಾಗಿ ಅಪೆಂಡ್ ಮಾಡುತ್ತಾ ಹೋದರೆ ಈ ಜಾಗ 4, 8, 16, 24, 32, 40, 52 ಹೀಗೆ ಬೆಳೆಯುತ್ತದೆ. ಹಾಗಾಗಿ ಬಹುತೇಕ ಅಪೆಂಡ್‌ಗಳಿಗೆ ಜಾಗ ಮೊದಲೇ ಸಿದ್ಧ ಇರುತ್ತದೆ.

ತೆಗೆಯುವುದಕ್ಕೂ ಹಲವು ದಾರಿ. ಎಷ್ಟನೆಯದು ಎಂದು ಗೊತ್ತಿದ್ದು, ತೆಗೆದದ್ದು ಕೈಗೂ ಬೇಕಾದರೆ ಪಾಪ್. ಜಾಗ ಗೊತ್ತಿದೆ, ತೆಗೆದದ್ದು ಬೇಡ ಅಂದರೆ ಡೆಲ್. ಜಾಗ ಗೊತ್ತಿಲ್ಲ, ತೆಗೆಯಬೇಕಾದ ವಸ್ತು ಯಾವುದೆಂದು ಗೊತ್ತು ಅಂದರೆ ರಿಮೂವ್. ರಿಮೂವ್ ಮೊದಲು ಸಿಕ್ಕಿದ್ದನ್ನು ಮಾತ್ರ ತೆಗೆಯುತ್ತದೆ, ಸಿಗದಿದ್ದರೆ ವ್ಯಾಲ್ಯೂಎರರ್ ಎಸೆಯುತ್ತದೆ.

ಒಂದಕ್ಕಿಂತ ಹೆಚ್ಚು ತೆಗೆಯಬೇಕಾದಾಗ ಈ ಮೂರೂ ಬೇಡ. ಚೀಲ = [42, 0, 0, 15] ಎಂದಿದೆ, ಸೊನ್ನೆಗಳನ್ನೆಲ್ಲ ತೆಗೆಯಬೇಕು ಅಂದುಕೊಳ್ಳಿ. ಅದೇ ಲಿಸ್ಟ್ ಮೇಲೆ ಫಾರ್ ಲೂಪ್ ಓಡಿಸಿ, ಸೊನ್ನೆ ಸಿಕ್ಕಾಗೆಲ್ಲ ರಿಮೂವ್ ಮಾಡಿದರೆ ಸಿಗುವುದು [42, 0, 15]. ಮೊದಲ ಸೊನ್ನೆ ಹೋದ ಕೂಡಲೇ ಎರಡನೇ ಸೊನ್ನೆ ಅದರ ಜಾಗಕ್ಕೆ ಸರಿಯಿತು. ಲೂಪ್ ಮಾತ್ರ ಮುಂದಿನ ಜಾಗಕ್ಕೆ ದಾಟಿಬಿಟ್ಟಿತು. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಇಂಥ ಕಡೆ ಲಿಸ್ಟ್ ಕಾಂಪ್ರಿಹೆನ್ಷನ್ ಬಳಸಿ, ಬೇಕಾದವನ್ನು ಮಾತ್ರ ಆರಿಸಿ ಹೊಸ ಲಿಸ್ಟ್ ಕಟ್ಟಿ:

ಉಳಿದದ್ದು = [ಚೀ ಫಾರ್ ಚೀ ಇನ್ ಚೀಲ ಇಫ್ ಚೀ > 0]

ಓದಲು ಮೊದಲು ತಿರುಗುಮುರುಗು ಅನಿಸುತ್ತದೆ. ಎರಡು ದಿನ ಬರೆದರೆ ರೂಢಿಯಾಗುತ್ತದೆ. 2000ದಲ್ಲಿ ಬಂದ ಪೈಥಾನ್ 2.0ರಿಂದಲೂ ಈ ಸೌಲಭ್ಯ ಇದೆ. ಆದರೆ ಒಂದರೊಳಗೊಂದು ಮೂರು ಲೂಪ್ ತುರುಕಿ ಒಂದೇ ಸಾಲಿನಲ್ಲಿ ಬರೆಯುವ ಚಟ ಬೇಡ. ಆರು ತಿಂಗಳ ಮೇಲೆ ಅದನ್ನು ಓದಬೇಕಾದವರು ನೀವೇ.

ಕಾಪಿಯೋ, ಇನ್ನೊಂದು ಹೆಸರೋ

ಇಂದು = ನಿನ್ನೆ ಎಂದು ಬರೆದರೆ ಎರಡು ಲಿಸ್ಟ್ ಆಗುವುದಿಲ್ಲ. ಒಂದೇ ಲಿಸ್ಟ್‌ಗೆ ಎರಡು ಹೆಸರು ಬೀಳುತ್ತದೆ. ಇಂದು ಲಿಸ್ಟ್‌ಗೆ ಹೊಸ ಲಾಟ್ ಸೇರಿಸಿದರೆ ನಿನ್ನೆಯ ಲೆಕ್ಕದಲ್ಲೂ ಅದು ಕಾಣುತ್ತದೆ. ನಿಜವಾದ ಪ್ರತಿ ಬೇಕಾದರೆ ನಿನ್ನೆ.ಕಾಪಿ() ಅಥವಾ ನಿನ್ನೆ[:] ಬಳಸಬೇಕು. ಲಿಸ್ಟ್ ಒಳಗೆ ಲಿಸ್ಟ್ ಇದ್ದರೆ ಇವೂ ಸಾಲವು, ಒಳಗಿನವು ಹಂಚಿಕೆಯಾಗಿಯೇ ಉಳಿಯುತ್ತವೆ. ಆಗ ಕಾಪಿ ಎಂಬ ಮಾಡ್ಯೂಲ್‌ನ (ಬೇಕಾದಾಗ ಸೇರಿಸಿಕೊಳ್ಳುವ ಸಿದ್ಧ ಕೋಡ್) ಡೀಪ್‌ಕಾಪಿ ಬೇಕು.

ಇದೇ ಜಾತಿಯ ಇನ್ನೊಂದು ಗುಂಡಿ ಟೇಬಲ್ ಕಟ್ಟುವಾಗ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆ, ಪ್ರತಿ ಜಿಲ್ಲೆಗೂ ಮೂರು ಬೆಳೆ. ಎಲ್ಲ ಸೊನ್ನೆ ತುಂಬಿ ಶುರು ಮಾಡೋಣ ಎಂದು [[0] * 3] * 7 ಎಂದು ಬರೆಯುತ್ತೀರಿ. ಪ್ರಿಂಟ್ ಮಾಡಿದರೆ ಚೆನ್ನಾಗೇ ಕಾಣುತ್ತದೆ. ಆಮೇಲೆ ಬೀದರ್ ಸಾಲಿನಲ್ಲಿ ಉದ್ದಿನ ಅಂಕಿ ಹಾಕಿದರೆ ಏಳೂ ಜಿಲ್ಲೆಗೆ ಅದೇ ಅಂಕಿ! ಹೊರಗಿನ ಗುಣಾಕಾರ ಒಂದೇ ಸಾಲನ್ನು ಏಳು ಸಲ ತೋರಿಸಿದೆ ಅಷ್ಟೇ. [[0] * 3 ಫಾರ್ ಜಿ ಇನ್ ರೇಂಜ್(7)] ಎಂದು ಬರೆದರೆ ಏಳು ಬೇರೆ ಬೇರೆ ಸಾಲು ಸಿಗುತ್ತವೆ.

ಸಾರ್ಟ್, ಸಾರ್ಟೆಡ್, ಮತ್ತೆ ನಮ್ಮ ಳಕಾರ

ಸಾರ್ಟ್ ಇರುವ ಲಿಸ್ಟನ್ನೇ ಕ್ರಮವಾಗಿ ಜೋಡಿಸುತ್ತದೆ, ವಾಪಸ್ ಕೊಡುವುದು ನನ್, ಅಂದರೆ ಏನೂ ಇಲ್ಲ. ಸಾರ್ಟೆಡ್ ಮೂಲವನ್ನು ಮುಟ್ಟದೆ ಹೊಸ ಲಿಸ್ಟ್ ಕೊಡುತ್ತದೆ. ದರ = ದರ.ಸಾರ್ಟ್() ಎಂದು ಬರೆದರೆ ದರವೆಲ್ಲ ಹೋಗಿ ಕೈಯಲ್ಲಿ ನನ್ ಉಳಿಯುತ್ತದೆ. ಮಾಲು ಬಂದ ಕ್ರಮ ಮುಂದೆ ಬೇಕಾಗಬಹುದು ಅನಿಸಿದರೆ ಸಾರ್ಟೆಡ್ ಬಳಸಿ. ಅಡತ್ ಲೆಕ್ಕದಲ್ಲಿ ಆ ಕ್ರಮ ಬೇಕೇ ಬೇಕು, ಅಲ್ವಾ?

ಎರಡರ ಹಿಂದೆ ಇರುವುದು ಟಿಮ್ ಪೀಟರ್ಸ್ 2002ರಲ್ಲಿ ಬರೆದ ಟಿಮ್‌ಸಾರ್ಟ್ ವಿಧಾನ. ಅದರ ಒಂದು ಗುಣ ನಮಗೆ ಬಹಳ ಉಪಯೋಗ. ಸಮ ಇರುವವು ತಮ್ಮತಮ್ಮಲ್ಲಿ ಮೊದಲಿನ ಕ್ರಮ ಬಿಡುವುದಿಲ್ಲ. ಮೊದಲು ದರದ ಮೇಲೆ ಸಾರ್ಟ್ ಮಾಡಿ, ಆಮೇಲೆ ಊರಿನ ಮೇಲೆ ಮಾಡಿ. ಪ್ರತಿ ಊರಿನೊಳಗೂ ದರದ ಕ್ರಮ ಹಾಗೇ ಉಳಿದಿರುತ್ತದೆ.

ಕನ್ನಡ ಹೆಸರಿನ ಮಾತು ಬೇರೆ. ಪೈಥಾನ್ ಅಕ್ಷರಮಾಲೆ ನೋಡುವುದಿಲ್ಲ, ಯೂನಿಕೋಡ್ ಸಂಖ್ಯೆ ನೋಡುತ್ತದೆ. ಕಲಬುರಗಿ ಜಿಲ್ಲೆಯ ಹನ್ನೊಂದು ತಾಲೂಕು ಹಾಕಿ ನೋಡಿ: ಅಫಜಲಪುರ, ಆಳಂದ, ಕಮಲಾಪುರ, ಕಲಬುರಗಿ, ಕಾಳಗಿ, ಚಿಂಚೋಳಿ, ಚಿತ್ತಾಪುರ, ಜೇವರ್ಗಿ, ಯಡ್ರಾಮಿ, ಶಹಾಬಾದ್, ಸೇಡಂ ಎಂದು ಸರಿಯಾಗಿಯೇ ಬರುತ್ತದೆ. ಇದನ್ನು ನೋಡಿ ನಂಬಿ ಕೂತರೆ ಕೆಟ್ಟಿರಿ. ಬಸವಕಲ್ಯಾಣ ಮತ್ತು ಬಳ್ಳಾರಿ ಎರಡನ್ನೂ ಸೇರಿಸಿ. ಬಳ್ಳಾರಿ ಮೊದಲು ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಯ ಅಕ್ಷರ. ಯೂನಿಕೋಡ್‌ನಲ್ಲಿ ಅದು ಲ ಆದ ಮೇಲೆ, ವ ಬರುವ ಮುಂಚೆ ಕೂತಿದೆ. ಮತದಾರರ ಪಟ್ಟಿಯೋ ಹಾಜರಿ ಪಟ್ಟಿಯೋ ಮಾಡುವಾಗ ಇದು ಎದ್ದು ಕಾಣುತ್ತದೆ. ಸಾರ್ಟೆಡ್‌ಗೆ ಕೀ ಎಂಬ ಜಾಗದಲ್ಲಿ ನಿಮ್ಮದೇ ಒಂದು ಚಿಕ್ಕ ಫಂಕ್ಷನ್ ಕೊಟ್ಟು, ಅದರಲ್ಲಿ ಳಕಾರವನ್ನು ಹಕಾರದ ಆಚೆಗೆ ಕಳಿಸಿದರೆ ಸರಿಹೋಗುತ್ತದೆ.

ಟಪಲ್: ಬದಲಾಗಬಾರದ್ದು

ಒಂದು ಲಾಟ್ ಅಂದರೆ ("ಜೇವರ್ಗಿ", 42, 7250). ಮೊದಲನೆಯದು ಊರು, ಎರಡನೆಯದು ಚೀಲ, ಮೂರನೆಯದು ಕ್ವಿಂಟಲ್ ದರ. ಇದಕ್ಕೆ ನಾಲ್ಕನೆಯದು ಸೇರುವುದಿಲ್ಲ, ಜಾಗ ಬದಲಾಗುವುದಿಲ್ಲ. ಹೀಗೆ ಆಕಾರ ನಿಂತುಬಿಟ್ಟಿರುವ ಡೇಟಾಗೆ ಟಪಲ್. ಒಂದೇ ಜಾತಿಯವು ಎಷ್ಟಾದರೂ ಬರಬಹುದು ಅಂದರೆ ಲಿಸ್ಟ್. ಹಾಗಾಗಿ ಟಪಲ್‌ಗಳ ಲಿಸ್ಟ್ ಬಹಳ ಕಡೆ ಸರಿಹೊಂದುವ ಜೋಡಿ. [2] ಅಂದರೆ ದರ ಎಂದು ನೆನಪಿಡುವುದು ಬೇಜಾರಾದರೆ ನೇಮ್ಡ್‌ಟಪಲ್ ಇದೆ, ಆಗ ಲಾಟ್.ದರ ಎಂದೇ ಬರೆಯಬಹುದು.

ಟಪಲ್‌ನ ನಿಜವಾದ ಲಾಭ ಬೇರೆ ಕಡೆ ಇದೆ. ಒಳಗಿರುವುದೂ ಬದಲಾಗದ್ದೇ ಆದರೆ ಅದನ್ನು ಡಿಕ್ಷನರಿಯ ಕೀ, ಅಂದರೆ ವಿವರ ಹುಡುಕಲು ಬಳಸುವ ಹೆಸರು, ಮಾಡಬಹುದು. ಲಿಸ್ಟ್‌ನಿಂದ ಇದು ಆಗುವುದೇ ಇಲ್ಲ. ("ಯಾದಗಿರಿ", "ಸುರಪುರ") ಎಂಬ ಕೀಗೆ ಒಟ್ಟು ಚೀಲ ಎಷ್ಟು ಎಂದು ಇಡಬಹುದು. ನಮ್ಮ ಕಡೆಯ ಹಳೆ ದಾಖಲೆ ಜೊತೆ ಕೆಲಸ ಮಾಡುವವರಿಗೆ ಇಲ್ಲೊಂದು ಎಚ್ಚರಿಕೆ. ಯಾದಗಿರಿ ಬೇರೆ ಜಿಲ್ಲೆ ಆದದ್ದು 2009ರ ಕೊನೆಗೆ. ಅದಕ್ಕಿಂತ ಹಿಂದಿನ ಫೈಲ್‌ನಲ್ಲಿ ಸುರಪುರ, ಶಹಾಪುರ ಎರಡೂ ಗುಲಬರ್ಗಾ ಜಿಲ್ಲೆಯಲ್ಲಿರುತ್ತವೆ. ಕೀ ಬೇರೆಯಾಯಿತು ಅಂದರೆ ಒಟ್ಟು ಲೆಕ್ಕ ಎರಡು ತುಂಡಾಗುತ್ತದೆ. ಜಿಲ್ಲೆ ಬಿಟ್ಟು ತಾಲೂಕನ್ನಷ್ಟೇ ಕೀ ಮಾಡುವುದು, ಅಥವಾ ಓದುವಾಗಲೇ ಜಿಲ್ಲೆ ಸರಿಪಡಿಸುವುದು, ಎರಡರಲ್ಲಿ ಒಂದು ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಒಂದೇ ವಸ್ತು ಇರುವ ಟಪಲ್‌ಗೆ ಕೊನೆಯಲ್ಲಿ ಅಲ್ಪವಿರಾಮ ಬೇಕು: ("ಆಳಂದ",). ಇಲ್ಲದಿದ್ದರೆ ಅದು ಬರೀ ಪದ.

ಸೆಟ್: ಇದೆಯಾ, ಇಲ್ವಾ

ಲಿಸ್ಟ್ ಬಿಟ್ಟು ಬೇರೆ ಕಡೆ ಹೋಗಲೇಬೇಕಾದ ಜಾಗ ಇದು. ನನ್ನ ಕೇಳಿದರೆ ಹೊಸಬರು ಮೊದಲು ಕಲಿಯಬೇಕಾದ ಬದಲಾವಣೆಯೂ ಇದೇ.

ನೋಂದಾಯಿತ ರೈತರ ಪಟ್ಟಿಯಲ್ಲಿ 20,000 ಹೆಸರಿದೆ. ಮಾಲು ತಂದವರ ಪಟ್ಟಿಯಲ್ಲಿ 5,000. ಯಾರು ನೋಂದಾಯಿತರಲ್ಲ ಎಂದು ಹುಡುಕಬೇಕು. ಎರಡೂ ಲಿಸ್ಟ್ ಆದರೆ ಪೈಥಾನ್ ಪ್ರತಿ ಹೆಸರಿಗೂ ದೊಡ್ಡ ಲಿಸ್ಟನ್ನು ಮೊದಲಿನಿಂದ ನೋಡುತ್ತಾ ಹೋಗುತ್ತದೆ. ಹೆಚ್ಚೆಂದರೆ 5,000 ಗುಣಿಸು 20,000, ಅಂದರೆ ಹತ್ತು ಕೋಟಿ ಹೋಲಿಕೆ. ದೊಡ್ಡ ಪಟ್ಟಿಯನ್ನು ಸೆಟ್ ಮಾಡಿಬಿಟ್ಟರೆ ಹೆಸರಿನಿಂದಲೇ ಒಂದು ಹ್ಯಾಶ್ ಸಂಖ್ಯೆ ಲೆಕ್ಕ ಹಾಕಿ ನೇರ ಆ ಜಾಗಕ್ಕೆ ಹೋಗಿ ನೋಡುತ್ತದೆ. ಸೆಟ್ ಎಷ್ಟು ದೊಡ್ಡದಾದರೂ ಸಾಮಾನ್ಯವಾಗಿ ಅಷ್ಟೇ ಸಮಯ. ಬದಲಾಯಿಸಬೇಕಾದದ್ದು ಒಂದೇ ಸಾಲು: ನೋಂದಣಿ = ಸೆಟ್(ನೋಂದಣಿ). ಇನ್ನೂ ಚಿಕ್ಕದಾಗಿ ಬೇಕಾದರೆ ಎರಡನ್ನೂ ಸೆಟ್ ಮಾಡಿ ಮಾಲು ತಂದವರ ಸೆಟ್‌ನಿಂದ ನೋಂದಣಿ ಸೆಟ್ಟನ್ನು ಮೈನಸ್ ಚಿಹ್ನೆಯಿಂದ ಕಳೆದುಬಿಡಿ, ಉತ್ತರ ಬಂತು.

ಬಿಟ್ಟುಕೊಡಬೇಕಾದದ್ದು ಎರಡು. ಕ್ರಮ ಉಳಿಯುವುದಿಲ್ಲ, ಒಂದೇ ಹೆಸರು ಎರಡು ಸಲ ಇರುವುದಿಲ್ಲ. ಒಬ್ಬ ರೈತ ಒಂದೇ ದಿನ ಎರಡು ಲಾಟ್ ತಂದಿದ್ದರೆ ಸೆಟ್‌ನಲ್ಲಿ ಒಂದೇ ಉಳಿಯುತ್ತದೆ. ಲೆಕ್ಕ ಇಡುವುದಕ್ಕೆ ಸೆಟ್ ಅಲ್ಲ, ಹುಡುಕುವುದಕ್ಕೆ ಮಾತ್ರ. ನಕಲು ತೆಗೆಯಬೇಕು ಆದರೆ ಬಂದ ಕ್ರಮ ಉಳಿಯಬೇಕು ಅಂದರೆ ಡಿಕ್ಟ್.ಫ್ರಮ್‌ಕೀಸ್ ಬಳಸಿ, ಅದನ್ನು ಮತ್ತೆ ಲಿಸ್ಟ್ ಮಾಡಿಕೊಳ್ಳಿ. ಖಾಲಿ ಸೆಟ್‌ಗೆ ಸೆಟ್() ಎಂದೇ ಬರೆಯಬೇಕು, ಖಾಲಿ ಹೂಬ್ರ್ಯಾಕೆಟ್ ಡಿಕ್ಷನರಿ ಆಗಿಬಿಡುತ್ತದೆ.

ಕನ್ನಡ ಡೇಟಾದಲ್ಲಿ ಸೆಟ್ ಮೋಸ ಹೋಗುವ ಜಾಗಗಳಿವೆ. "ತೊಗರಿ"ಯ ೊ ಚಿಹ್ನೆಯನ್ನು ಒಂದೇ ಯೂನಿಕೋಡ್ ಸಂಖ್ಯೆಯಾಗಿಯೂ ಬರೆಯಬಹುದು, ೆ ಮತ್ತು ೂ ಎಂಬ ಎರಡು ಚಿಹ್ನೆ ಸೇರಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಪೈಥಾನ್‌ಗೆ ಎರಡು ಬೇರೆ ಪದ. ಸೆಟ್‌ನಲ್ಲಿ ತೊಗರಿ ಎರಡು ಸಲ ಕಾಣಿಸಿಕೊಂಡರೆ ಗಾಬರಿ ಬೇಡ. ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಸ್‌ಗೆ ಎನ್‌ಎಫ್‌ಸಿ ಎಂದು ಕೊಟ್ಟು ಎಲ್ಲ ಪದವನ್ನೂ ಮೊದಲೇ ಒಂದೇ ರೂಪಕ್ಕೆ ತನ್ನಿ. "ಬೀದರ್‌ನ" ಎಂಬಲ್ಲಿ ಅರ್ಧಾಕ್ಷರ ಬಿಡಿಸಲು ಸೇರಿಸುವ ಕಾಣದ ಅಕ್ಷರ ಇದೆಯಲ್ಲ, ಅದನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ. ರಿಪ್ಲೇಸ್ ಮಾಡಿ ನಾವೇ ತೆಗೆಯಬೇಕು. ವೇರಿಯಬಲ್ ಹೆಸರಲ್ಲಿ ಅದು ನುಸುಳಿದರೆ ಪೈಥಾನ್ ಸಿಂಟ್ಯಾಕ್ಸ್ ಎರರ್ ಕೊಡುತ್ತದೆ. ಡೇಟಾದಲ್ಲಿ ನುಸುಳಿದರೆ ಏನೂ ಹೇಳುವುದಿಲ್ಲ. ‘ನುಡಿ’ ತಂತ್ರಾಂಶದ ಹಳೆ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಆದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಮುಂದಿನ ಮಾತು.

ಇನ್ನೊಂದಕ್ಕೆ ಕಂಪ್ಯೂಟರ್ ಏನೂ ಮಾಡಲಾರದು. 2014ರ ನವೆಂಬರ್ 1ಕ್ಕೆ ಗುಲಬರ್ಗಾ ಕಲಬುರಗಿ ಆಯಿತು. ಅಂಗಡಿಯ ಹಳೆ ಫೈಲ್‌ನಲ್ಲಿ ಒಂದು, ಹೊಸದರಲ್ಲಿ ಇನ್ನೊಂದು. ಸೆಟ್‌ಗೆ ಅವು ಎರಡು ಊರು. ಹಳೆ ಹೆಸರಿನಿಂದ ಹೊಸ ಹೆಸರಿಗೆ ಒಂದು ಚಿಕ್ಕ ಡಿಕ್ಷನರಿ ಮಾಡಿಟ್ಟುಕೊಂಡು ಓದುವಾಗಲೇ ಬದಲಿಸಿ.

ಡಿಕ್ಷನರಿ

ಲಾಟ್ ನಂಬರ್ ಹೇಳಿದ ಕೂಡಲೇ ವಿವರ ಬೇಕು ಅಂದರೆ ಡಿಕ್ಷನರಿ. ಲಿಸ್ಟ್‌ನ ಜಾಗವನ್ನೇ ಲಾಟ್ ನಂಬರ್ ಎಂದು ಭಾವಿಸುವ ಅಡ್ಡದಾರಿ ಬೇಡ, ನಡುವೆ ಒಂದು ಲಾಟ್ ರದ್ದಾದರೆ ಮುಂದಿನ ಎಲ್ಲ ನಂಬರೂ ತಪ್ಪುತ್ತವೆ. 2018ರ ಪೈಥಾನ್ 3.7ರಿಂದ ಡಿಕ್ಷನರಿ ಸೇರಿಸಿದ ಕ್ರಮವನ್ನೂ ಉಳಿಸಿಕೊಳ್ಳುತ್ತದೆ ಎಂಬ ಖಾತ್ರಿ ಇದೆ. ಹಾಗಾಗಿ ಕ್ರಮಕ್ಕಾಗಿ ಲಿಸ್ಟ್, ಹುಡುಕಲು ಡಿಕ್ಷನರಿ ಎಂದು ಎರಡೆರಡು ಇಡುವ ಕಾಲ ಹೋಯಿತು.

ಡೆಕ್

ತೂಕದ ಕಾಟಾ ಮುಂದೆ ಗಾಡಿಗಳ ಸರತಿ. ಮೊದಲು ಬಂದದ್ದು ಮೊದಲು ಹೋಗಬೇಕು. ಲಿಸ್ಟ್‌ನಲ್ಲಿ ಪಾಪ್(0) ಮಾಡಿದರೆ ಉಳಿದದ್ದೆಲ್ಲ ಸರಿಯಬೇಕು ಎಂದು ಆಗಲೇ ನೋಡಿದೆವು. ಕಲೆಕ್ಷನ್ಸ್ ಮಾಡ್ಯೂಲ್‌ನ ಡೆಕ್‌ಗೆ ಎರಡೂ ತುದಿಯಲ್ಲಿ ಸೇರಿಸುವುದು, ತೆಗೆಯುವುದು ಎರಡೂ ಸಲೀಸು. ಅದರ ನಡುವಿನ ಜಾಗ ಮುಟ್ಟುವುದು ಮಾತ್ರ ನಿಧಾನ. ಇದರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಮ್ಯಾಕ್ಸ್‌ಲೆನ್. ಅದನ್ನು 7 ಎಂದು ಇಟ್ಟು ದಿನದ ದರ ಅಪೆಂಡ್ ಮಾಡುತ್ತಾ ಹೋಗಿ. ಎಂಟನೆಯದು ಬಂದ ಕೂಡಲೇ ಹಳೆಯದು ತಾನೇ ಬಿದ್ದುಹೋಗುತ್ತದೆ. ವಾರದ ಸರಾಸರಿಗೆ ಬೇರೆ ಲೆಕ್ಕ ಇಡಬೇಕಿಲ್ಲ.

ಅರೇ ಮತ್ತು ನಂಪೈ

ಅಂಗಡಿ ಲೆಕ್ಕಕ್ಕೆ ಇವೆರಡೂ ಬೇಡ. ಪೈಥಾನ್ ಜೊತೆಗೇ ಬರುವ ಅರೇ ಒಂದೇ ಬಗೆಯ ಸಂಖ್ಯೆಗಳನ್ನು ಕಡಿಮೆ ಜಾಗದಲ್ಲಿ ಇಡುತ್ತದೆ, ಅಷ್ಟೇ. ದೊಡ್ಡ ಪ್ರಮಾಣದ ಅಂಕಿ ಲೆಕ್ಕಕ್ಕೆ ಇರುವ ನಂಪೈ ಬೇರೆ ಇನ್‌ಸ್ಟಾಲ್ ಮಾಡಬೇಕು. ವರ್ಷಗಟ್ಟಲೆಯ ಮಳೆ ಅಂಕಿ, ದರದ ಅಂಕಿ ಹಿಡಿದು ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು ಅದಕ್ಕೇ ಹೋಗಿ. ಹೋಗುವಾಗ ಒಂದು ವ್ಯತ್ಯಾಸ ನೆನಪಿರಲಿ. [42, 18] * 2 ಎಂದರೆ ಲಿಸ್ಟ್‌ನಲ್ಲಿ [42, 18, 42, 18] ಬರುತ್ತದೆ, ನಂಪೈ ಅರೇಯಲ್ಲಿ 84 ಮತ್ತು 36. ಪ್ಲಸ್ ಚಿಹ್ನೆಯೂ ಹಾಗೇ, ಲಿಸ್ಟ್‌ನಲ್ಲಿ ಜೋಡಿಸುತ್ತದೆ, ನಂಪೈನಲ್ಲಿ ಕೂಡುತ್ತದೆ.

ಮೇಲಿನ ಯಾವುದನ್ನು ಆರಿಸಿದರೂ ಕರೆಂಟ್ ಹೋದರೆ, ಪ್ರೋಗ್ರಾಮ್ ಮುಚ್ಚಿದರೆ ಎಲ್ಲ ಖಾಲಿ. ಇವೆಲ್ಲ ಮೆಮೊರಿಯಲ್ಲಿ ಮಾತ್ರ ಇರುವಂಥವು. ನಾಳೆಗೂ ಲೆಕ್ಕ ಬೇಕು, ಹೋದ ಸೀಸನ್ನಿನದ್ದೂ ಬೇಕು ಅಂದರೆ ಲಿಸ್ಟ್‌ಗಳನ್ನು ಫೈಲ್‌ಗೆ ಬರೆದು ಓದಿ ಒದ್ದಾಡಬೇಡಿ. 2006ರ ಪೈಥಾನ್ 2.5ರಿಂದ ಎಸ್‌ಕ್ಯೂಲೈಟ್ ಡೇಟಾಬೇಸ್ ಮಾಡ್ಯೂಲ್ ಪೈಥಾನ್ ಜೊತೆಗೇ ಬರುತ್ತಿದೆ, ಬೇರೆ ಸರ್ವರ್ ಬೇಡ, ಎಲ್ಲ ಒಂದೇ ಫೈಲ್‌ನಲ್ಲಿ ಇರುತ್ತದೆ. ಲಾಟ್‌ಗಳನ್ನು ಅದರಲ್ಲಿಡಿ. ದಿನದ ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ಲಿಸ್ಟ್‌ಗೋ ಸೆಟ್‌ಗೋ ಎತ್ತಿಕೊಳ್ಳಿ. ಅಲ್ಲಿಂದ ಸಾಲುಗಳು ವಾಪಸ್ ಬರುವುದೂ ಟಪಲ್‌ಗಳ ಲಿಸ್ಟ್ ಆಗಿಯೇ.